ಓಡುವ ಬೋರ್ಡಿನಲ್ಲಿ ಮೊದಲ ಹೆಸರು

ಬೋರ್ಡಿನ ಮೇಲೆ ಅಕ್ಷರ ಓಡಿಸಿ ಹೊಟ್ಟೆ ಹೊರೆಯುವವನು ನಾನು. ಬೀದರಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಔಷಧಿ ಅಂಗಡಿಯ ಮೇಲೆ ಕೆಂಪಗೆ ಓಡುವ ಸಾಲು, ಮದುವೆ ವೇದಿಕೆಯ ಹಿಂದೆ ಹೊಳೆಯುವ ದೊಡ್ಡ ಸ್ಕ್ರೀನು, ಎಲ್ಲ ನನ್ನ ಕೈಕೆಲಸ. ಬೋರ್ಡಿಗೆ ಕರೆಂಟು ಕೊಡುವ ತನಕ ಅದರ ಕೆಳಗೆ ನಿಂತವರು ಸರಿಯಾಗಿಯೇ ಇರುತ್ತಾರೆ. ಕರೆಂಟು ಕೊಟ್ಟ ಮೇಲೆ ಅವರಿಗೇನೋ ಆಗುತ್ತದೆ. ವಾರಕ್ಕೊಂದಾದರೂ ಇಂಥ ಪಜೀತಿ ನಡೆಯದಿದ್ದರೆ ನನಗೇ ಊಟ ಸೇರುವುದಿಲ್ಲ.

ಆದರೆ ದೊಡ್ಡ ಪಜೀತಿ ನನ್ನ ಮನೆಯದೇ. ಮೊದಲು ನಾನು ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದೆ. ತಂಗಿಯ ಮದುವೆ ಪತ್ರಿಕೆಯಲ್ಲಿ ಅಪ್ಪನ ಹೆಸರನ್ನು ಮೇಲೆ, ಅಪ್ಪನ ಅಣ್ಣ, ಅಂದರೆ ಜನವಾಡದ ದೊಡ್ಡಪ್ಪನ ಹೆಸರನ್ನು ಕೆಳಗೆ ಹಾಕಿಬಿಟ್ಟೆ. "ನನ್ನ ಹೆಸರು ಎರಡನೇದು ಇರೋ ಮದುವಿಗಿ ನಾ ಕಾಲಿಡಂಗಿಲ್ಲ" ಎಂದು ದೊಡ್ಡಪ್ಪ ಅಂದೇ ಮಾತು ಬಿಟ್ಟರು. ಅಪ್ಪನೂ ಕಡಿಮೆಯವರಲ್ಲ. "ನನ್ನ ಮಗಳ ಮದುವಿಯಾಗ ನನ್ನ ಹೆಸರು ಮ್ಯಾಲ ಇರದ ಮತ್ತ ಯಾರದು ಇರ್ಬೇಕು?" ಎಂದು ಅವರೂ ಬಾಯಿ ಮುಚ್ಚಿದರು. ಹನ್ನೊಂದು ವರ್ಷ ಹಾಗೇ ಕಳೆಯಿತು. ಈ ಬೇಸಿಗೆಯಲ್ಲಿ ನನ್ನ ಮಗಳ ಮದುವೆ ಬಂತು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು ದೊಡ್ಡಪ್ಪ. ಮಗಳಿಗೆ ಅಪ್ಪನಂತೆ ಅವರೂ ಮುತ್ಯಾ, ಅಂದರೆ ಅಜ್ಜ. ಅವರಿಲ್ಲದೆ ಮಗಳ ಮೇಲೆ ಅಕ್ಷತೆಯ ಅಕ್ಕಿಕಾಳು ಬೀಳುವುದು ನನಗೆ ಬೇಡವಾಗಿತ್ತು.

ಪುಂಡಿ ಪಲ್ಯ ಈಗಷ್ಟೇ ಹೋಯಿತು

ನೌಬಾದಿನಲ್ಲಿ ಎಲ್ಲರೂ ಬಾಯಿ ಎಂದು ಕರೆಯುವ ಹೆಂಗಸೊಬ್ಬರು ಖಾನಾವಳಿ ನಡೆಸುತ್ತಾರೆ. ಬಾಗಿಲ ಮೇಲೆ ನನ್ನಿಂದ ಓಡುವ ಬೋರ್ಡು ಹಾಕಿಸಿಕೊಂಡರು. ರೊಟ್ಟಿ, ಪುಂಡಿ ಪಲ್ಯ, ಝುಣಕ, ಶೇಂಗಾ ಹಿಂಡಿ ಎಂದು ಒಂದರ ಹಿಂದೊಂದು ಓಡಬೇಕು.

ಮೊದಲ ದಿನವೇ ಮನ್ನಳ್ಳಿಯ ಹಿರಿಯರೊಬ್ಬರು ಬಾಗಿಲ ಮುಂದೆ ಕತ್ತೆತ್ತಿ ನಿಂತುಬಿಟ್ಟರು. ಬಾಯಿ ಕರೆದರು, "ಒಳಗ ಬರ್ರಿ ಕಾಕಾ, ಬಿಸಿಲಾಗ ಯಾಕ ನಿಂತೀರಿ?"

"ತಡಿಯವ್ವ, ಝುಣಕ ನಡದದ. ನನಗ ಪುಂಡಿ ಪಲ್ಯ ಬೇಕು. ಅದು ಬರ್ಲಿ, ಆಮ್ಯಾಲ ಬರ್ತೇನಿ."

ಬೋರ್ಡಿನಲ್ಲಿ ಪುಂಡಿ ಪಲ್ಯ ಬಂದ ಕೂಡಲೇ ಅವಸರದಿಂದ ಒಳಗೆ ಬಂದು ಕೂತರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಲ್ಯ ಮುಗಿದಿತ್ತು. ಬಾಯಿ ಹಾಗೆಂದು ಹೇಳಿದರೆ ಹಿರಿಯರು ಕೇಳಬೇಕಲ್ಲ.

"ಮುಗದದ ಅಂದ್ರ ಹ್ಯಾಂಗ? ಈಗಷ್ಟೇ ಬಾಗಿಲ ಮುಂದಿಂದ ಹೋತು, ನಾನೇ ಕಣ್ಣಾರೆ ನೋಡೇನಿ!"

ಎದುರಾಳಿ ಓಡಿಹೋದ

ಭಾಲ್ಕಿಯ ಹತ್ತಿರ ಕುರಿ ಸಾಕುವ ಮನೆಯೊಂದರಲ್ಲಿ ತೊಟ್ಟಿಲ ಕಾರ್ಯಕ್ರಮವಿತ್ತು. ದೊಡ್ಡ ಸ್ಕ್ರೀನು ಬೇಕೆಂದರು. ಕೂಸಿನ ಫೋಟೋ ಕೊಡಿ ಎಂದೆ. ಯಜಮಾನರು ಮೊಬೈಲಿನಿಂದ ನನಗೆ ಹನ್ನೆರಡು ಫೋಟೋ ಕಳಿಸಿದರು. ಅದರಲ್ಲಿ ಕೂಸಿನದು ಒಂದು, ಅವರ ಕಾಳಗದ ಟಗರಿನದು ಹನ್ನೊಂದು.

"ಕೂಸಂತೂ ಇನ್ನಾ ಬೆಳೀಬೇಕ್ರಿ. ಟಗರು ಈಗ ಫಾರ್ಮಿನ್ಯಾಗ ಅದ" ಎಂದರು.

ಹಾಡು ನಡೆದಿತ್ತು, ಹೆಂಗಸರು ತೊಟ್ಟಿಲ ಸುತ್ತ ಇದ್ದರು. ಆಗ ಯಜಮಾನರು ಟಗರಿಗೆ ಗೊಂಡೆ ಕಟ್ಟಿ, ಕೋಡಿಗೆ ಬಣ್ಣ ಬಳಿದು ಮೆರವಣಿಗೆಯಲ್ಲಿ ಕರೆತಂದರು. ಸ್ಕ್ರೀನಿನಲ್ಲಿ ಅದೇ ಹೊತ್ತಿಗೆ ಅದರದೇ ಫೋಟೋ ಬಂತು, ಆನೆಯಷ್ಟು ದೊಡ್ಡದು. ಟಗರು ನೋಡಿತು. ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ನನಗೆ ಆ ಹಿಂದೆ ಸರಿಯುವುದರ ಅರ್ಥ ಗೊತ್ತಾಗುವಷ್ಟರಲ್ಲಿ ಢಣ್ ಎಂದು ಹೋಗಿ ಗುದ್ದಿತು. ಸ್ಕ್ರೀನು ಕಪ್ಪಾಯಿತು.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಯಜಮಾನರು ಮೈಕು ಕಸಿದುಕೊಂಡು ಕೂಗಿದರು, "ನೋಡ್ರಿ, ನೋಡ್ರಿ! ಒಂದೇ ಏಟಿಗಿ ಎದುರಿಂದು ಓಡಿಹೋತು!"

ಇಬ್ಬರದೂ ಮೊದಲು

ತನ್ನ ಜಾಗದಲ್ಲಿ ಇನ್ನೊಬ್ಬನನ್ನು ಕಂಡರೆ ಟಗರಿಗೇ ತಡೆಯಲಾಗುವುದಿಲ್ಲ, ದೊಡ್ಡಪ್ಪನದೇನು ತಪ್ಪು ಎಂದುಕೊಂಡು ಜನವಾಡಕ್ಕೆ ಹೋದೆ. ಈ ಸಲ ಪತ್ರಿಕೆಯಲ್ಲಿ ಮಗಳ ಹೆಸರು, ಅಳಿಯನ ಹೆಸರು ಬಿಟ್ಟು ಇನ್ನಾರದ್ದೂ ಹಾಕಿರಲಿಲ್ಲ. ದೊಡ್ಡಪ್ಪ ಚಾಳೀಸು ಮೂಗಿಗೇರಿಸಿಕೊಂಡು ಪತ್ರಿಕೆಯ ಹಿಂದು ಮುಂದು ತಿರುವಿದರು. ಬಿಸಿಲಿಗೂ ಹಿಡಿದು ನೋಡಿದರು.

"ಹಿರಿಯರ ಹೆಸರು ಎಲ್ಲ್ಯಾವ?"

"ಅವು ಫಂಕ್ಷನ್ ಹಾಲಿನ್ಯಾಗ ಬೋರ್ಡಿನ ಮ್ಯಾಲ ಓಡ್ತಾವ ದೊಡ್ಡಪ್ಪ. ನಿಮ್ಮ ಇಬ್ಬರದೂ."

"ಯಾರದು ಮೊದಲ?"

"ನಿಮ್ಮದೇ ರೀ."

ಮನೆಗೆ ಬಂದರೆ ಅಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದರು. "ಯಾರದು ಮೊದಲ?" ಎಂದರು.

"ನಿಮ್ಮದೇ ಅಪ್ಪಾ."

ಹೆಂಡತಿ ಒಳಗಿನಿಂದ ಕೇಳಿಸಿಕೊಂಡು, "ದೇವ್ರು ಮೆಚ್ಚಂಗಿಲ್ಲ ನೋಡ್ರಿ" ಎಂದಳು. ನಾನು ಸುಳ್ಳು ಹೇಳಿರಲಿಲ್ಲ. ಸುತ್ತಿ ಸುತ್ತಿ ಓಡುವ ಎರಡು ಹೆಸರಿನಲ್ಲಿ ಮೊದಲಿನದು ಯಾವುದು, ಆ ದೇವರೇ ಬಂದು ಹೇಳಲಿ.

ಔರಾದಿನ ಮದುವೆ

ಅಳಿಯನ ಊರು ಔರಾದು, ಮದುವೆಯೂ ಅಲ್ಲೇ. ಬೆಳಿಗ್ಗೆಯೇ ಫಂಕ್ಷನ್ ಹಾಲಿನೊಳಗೆ ವೇದಿಕೆಯ ಪಕ್ಕಕ್ಕೆ ದೊಡ್ಡ ಸ್ಕ್ರೀನು, ಎದುರಿನ ಗೋಡೆಗೆ ಬೋರ್ಡು ಹಾಕಿ, ರಿಮೋಟು ಜೇಬಿನಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತೆ. ಬಂದವರಿಗೆ ನಮಸ್ಕಾರ ಮಾಡುತ್ತಿದ್ದರೂ ಕಣ್ಣು ರಸ್ತೆಯ ಮೇಲೇ ಇತ್ತು. ಹನ್ನೊಂದರ ಹೊತ್ತಿಗೆ ಜೀಪಿನಿಂದ ರುಮಾಲು ಇಳಿಯಿತು, ಅದರ ಕೆಳಗೆ ದೊಡ್ಡಪ್ಪ. ಜೇಬಿನೊಳಗೇ ಗುಂಡಿ ಒತ್ತಿದೆ. ಅವರು ಹೊಸ್ತಿಲಿಗೆ ಬಂದು ಕಾಲು ಎತ್ತುವ ಮೊದಲು ಒಳಗೆ ಕಣ್ಣು ಹಾಯಿಸಿದರು. ಅವರ ಹೆಸರು ಹೊಳೆಯುತ್ತ ಬಂತು. ಕಾಲು ಒಳಗಿಟ್ಟರು. ನನ್ನ ಜೀವ ತಣ್ಣಗಾಯಿತು.

ಅದರ ಹಿಂದೆಯೇ ಅಪ್ಪನ ಹೆಸರು ಬಂತು. ಆಮೇಲೆ ಮತ್ತೆ ದೊಡ್ಡಪ್ಪನದು.

"ಏ ಹುಡುಗಾ, ನಿಮ್ಮಪ್ಪನ ಹೆಸರು ನನ್ನ ಮುಂದ ಯಾಕ ಹೊಂಟದ?"

"ಮುಂದ ಇಲ್ಲ ದೊಡ್ಡಪ್ಪ, ಅದು ನಿಮ್ಮ ಹಿಂದ ಬರ್ಲತ್ತದ."

ನಂಬಿಕೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ಬೋರ್ಡಿನ ಎದುರು ಕೂತರು. ಇದನ್ನು ಕಂಡ ಅಪ್ಪ, ಅಣ್ಣ ಏನೋ ಕಿತಾಪತಿ ಮಾಡುತ್ತಾನೆಂದು ಇನ್ನೊಂದು ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. ಇಬ್ಬರೂ ವಧೂವರರಿಗೆ ಬೆನ್ನು ಹಾಕಿ, ಮುಖ ಮುಖ ನೋಡದೆ, ಬೋರ್ಡನ್ನು ಕಾಯತೊಡಗಿದರು.

ಮುಹೂರ್ತ ಹತ್ತಿರ ಬಂತು. ಮಂತ್ರ ಹೇಳುವ ಅಯ್ಯನವರು ದೊಡ್ಡ ಸ್ಕ್ರೀನಿನಲ್ಲಿ ತಮ್ಮ ಮುಖ ಕಂಡು, ಶಲ್ಯ ಸರಿಮಾಡಿಕೊಂಡು, ಹೇಳಿದ ಮಂತ್ರವನ್ನೇ ಇನ್ನೊಮ್ಮೆ ಹೇಳಿದರು. ಆಮೇಲೆ "ಹಿರಿಯರು ಅಕ್ಕಿಕಾಳಿಗಿ ಬರ್ರಿ" ಎಂದು ಮೈಕಿನಲ್ಲಿ ಕರೆದರು. ಇಬ್ಬರೂ ಏಳಲಿಲ್ಲ. ನಾನು ಹೋಗಿ ಕೈ ಮುಗಿದೆ. ದೊಡ್ಡಪ್ಪ ಕೈಯಿಂದಲೇ ಸುಮ್ಮನಿರು ಎಂದರು. ಆಮೇಲೆ ಬೋರ್ಡಿನಿಂದ ಕಣ್ಣು ಕೀಳದೆ, ಹನ್ನೊಂದು ವರ್ಷದ ಮೇಲೆ ಅಪ್ಪನೊಡನೆ ಮೊದಲ ಮಾತಾಡಿದರು.

"ನಿಂದು ಹೆಚ್ಚೊತ್ತು ನಿಲ್ಲಲತ್ತದ."

ಅಪ್ಪನೂ ಕಣ್ಣು ಕೀಳಲಿಲ್ಲ. "ನನ್ನ ಹೆಸರು ಉದ್ದ ಅದ. ಇಟ್ಟಾಂವ ನಮ್ಮಪ್ಪ. ಹೋಗಿ ಅವಂಗ ಕೇಳು."

"ಅವಂಗ ಏನ್ ಕೇಳೋದದ? ಸಣ್ಣವಂದು ಅಂದ್ರ ಅವಂಗ ಮೊದಲಿಂದ ಜೀವ. ಹೆಸರು ಸುದ್ದಾ ನಿನಗೇ ಉದ್ದಂದು ಕೊಟ್ಟ."

ಅಪ್ಪನ ಹೆಗಲು ಕುಲುಕಿತು. ಅಳುತ್ತಿದ್ದಾರೆಂದು ನಾನು ಹೆದರಿದೆ, ನಗುತ್ತಿದ್ದರು. ದೊಡ್ಡಪ್ಪನೂ ತಡೆಯಲಾಗದೆ ನಕ್ಕು, ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಇಬ್ಬರೂ ಕೈ ಕೈ ಹಿಡಿದು ಎದ್ದರು. ಅಷ್ಟು ಜನರ ನಡುವೆ ನಾಚಿಕೆ ಬಿಟ್ಟು ಕಣ್ಣು ಒರೆಸಿಕೊಂಡೆ.

ವೇದಿಕೆಯ ಮೇಲಿಂದ ಮಗಳು ಕೈಸನ್ನೆ ಮಾಡಿ ಕರೆದಳು. ಅವಳಿಗೂ ಕರುಳು ಚುರುಕ್ಕೆಂದಿರಬೇಕು ಎಂದುಕೊಂಡು ಓಡಿಹೋಗಿ ಅವಳ ಬಾಸಿಂಗದ ಹತ್ತಿರ ಕಿವಿ ಕೊಟ್ಟೆ. ಅವಳು ಎದುರಿನ ಬೋರ್ಡನ್ನು ತೋರಿಸಿದಳು. ಅಲ್ಲಿ 'ಶುಭವಿವಾಹ' ಎಂಬ ಅಕ್ಷರದ ಕೆಳಗೆ ದೊಡ್ಡಪ್ಪನ ಹೆಸರು, ಅದರ ಹಿಂದೆ ಅಪ್ಪನ ಹೆಸರು, ಮತ್ತೆ ದೊಡ್ಡಪ್ಪನದು, ಮತ್ತೆ ಅಪ್ಪನದು ಓಡುತ್ತಿದ್ದವು. ಬೇರೆ ಯಾರ ಹೆಸರೂ ಇರಲಿಲ್ಲ.

"ಅಪ್ಪಾ," ಎಂದಳು ಮಗಳು, "ಇದು ನನ್ನ ಮದುವಿನೋ, ಆ ಇಬ್ಬರು ಮುತ್ಯಾರದೋ?"