ಡಾಕ್ಟರಾಗುವ ಮೊದಲು ಎಲೆ ಮಾರಿದ್ದು

ನನಗೆ ಚೌಕಾಶಿ ಮಾಡಲು ಬರುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ನಾಚಿಕೆ ಇರುವುದು ನನ್ನ ಹೆಂಡತಿಗೆ. ಮದುವೆಯಾದ ಹೊಸದರಲ್ಲಿ ಒಮ್ಮೆ ನನ್ನನ್ನು ಸಂತೆಗೆ ಕಳಿಸಿದ್ದಳು. ಬದನೆಕಾಯಿ ಮಾರುವವಳು ಹೇಳಿದ ಬೆಲೆಗೆ ನಾನು ಮರುಮಾತಿಲ್ಲದೆ ತಲೆಯಾಡಿಸಿದ್ದನ್ನು ಕಂಡು ಆಕೆಗೇ ಪಾಪ ಅನ್ನಿಸಿತೋ ಏನೋ, ಎರಡು ಕಾಯಿ ಹೆಚ್ಚಿಗೆ ಹಾಕಿ ಕಳಿಸಿದಳು. ಆ ಎರಡೂ ಹುಳುಕಾಗಿದ್ದವು ಎಂಬುದು ಬೇರೆ ಮಾತು. ಇಂಥ ನಾನು ಆರು ವರ್ಷಗಳಿಂದ ಯಾವ ವಿಷಯದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ ಗೊತ್ತೇ? ಹಾನಗಲ್ಲು ಸೀಮೆಯ ಶಾಸನಗಳಲ್ಲಿ ಬರುವ ಸಂತೆ ಮತ್ತು ಸುಂಕ! ಸಾವಿರ ವರ್ಷದ ಹಿಂದಿನ ಸಂತೆಯಲ್ಲಿ ಯಾವ ಸರಕಿಗೆ ಎಷ್ಟು ಸುಂಕ ಎಂದು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಈ ವಾರದ ಸಂತೆಯಲ್ಲಿ ಬದನೆಕಾಯಿ ಹೇಗೆ ಎಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತಿದ್ದೆ.

ಪ್ರಬಂಧ ಮುಗಿಯುತ್ತಿರಲಿಲ್ಲ. ಮುಗಿಯದಿರಲು ಕಾರಣ ಎರಡು ಶಾಸನಗಳು. ಒಂದು ಕೆರೆಯ ದಂಡೆಯ ಹಳ್ಳಿಯೊಂದರದು, ಇನ್ನೊಂದು ಅಲ್ಲಿಂದ ಮೂಡಣಕ್ಕೆ ಕಪ್ಪುಮಣ್ಣಿನ ಎರೆಹೊಲಗಳ ನಡುವಿನ ಹಳ್ಳಿಯದು. ಎರಡೂ ಒಂದೇ ಕಾಲದವು, ಒಬ್ಬನೇ ಅರಸನ ಆಳ್ವಿಕೆಯವು. ಸಂತೆಗೆ ಬರುವ ಒಂದು ಹೇರು ವೀಳ್ಯದೆಲೆಗೆ, ಎಂದರೆ ಒಂದು ಎತ್ತಿನ ಮೇಲೆ ಹೇರುವಷ್ಟು ಎಲೆಗೆ, ಇಂತಿಷ್ಟು ಎಲೆ ದೇವಸ್ಥಾನಕ್ಕೆ ಕೊಡತಕ್ಕದ್ದು ಎಂದು ಎರಡರಲ್ಲೂ ಇದೆ. ಆದರೆ ಮೊದಲನೆಯದರಲ್ಲಿ ಕೊಡಬೇಕಾದ್ದರ ಸರಿಯಾಗಿ ಅರ್ಧ ಎರಡನೆಯದರಲ್ಲಿ. ಯಾಕೆ ಹೀಗೆ? ನಾನು ಇಬ್ಬರು ಸುಂಕದ ಅಧಿಕಾರಿಗಳನ್ನು ಕಲ್ಪಿಸಿಕೊಂಡೆ, ಅವರ ನಡುವೆ ವೈಮನಸ್ಸು ತಂದಿಟ್ಟೆ, ಅರಸನ ಕಿವಿಗೆ ಚಾಡಿ ಹೋಗುವಂತೆ ಮಾಡಿದೆ. ಹೀಗೆ ನಲವತ್ತು ಪುಟ ಬರೆದೆ. ನನ್ನ ಮಾರ್ಗದರ್ಶಕರು ಅದನ್ನು ಓದಿ, "ಕಾದಂಬರಿ ಚೆನ್ನಾಗಿದೆ. ಆಧಾರ ಎಲ್ಲಿ?" ಎಂದರು. ಆಧಾರ ಹುಡುಕುತ್ತ ಎರಡು ವರ್ಷ ಕಳೆದವು. ಶಿಷ್ಯವೇತನ ನಿಲ್ಲಲು ಆರು ತಿಂಗಳು ಉಳಿದಿತ್ತು. ನಮ್ಮ ಮನೆತನದಲ್ಲಿ ಹೈಸ್ಕೂಲು ದಾಟಿದವನು ನಾನೊಬ್ಬನೇ. ಊರಿಗೆ ಹೋದಾಗಲೆಲ್ಲ ಅವ್ವ, "ಇನ್ನೂ ಬರ್ಯಾಕತ್ತೀಯೇನೋ? ಅಷ್ಟ ಏನ್ ಐತೋ ಬರಿಯೂದು?" ಎಂದು ಕೇಳುತ್ತಿದ್ದಳು.

ಇಷ್ಟರಲ್ಲಿ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಎಪ್ಪತ್ತರ ದಶಕದ ಕೊನೆಯ ದಿನಗಳವು. ಡಾಕ್ಟರೇಟು ಪಡೆದವರೂ ಕೆಲಸವಿಲ್ಲದೆ ತಿರುಗುತ್ತಿದ್ದರು. ಸಂಶೋಧಕರಿಗೆ ವ್ಯವಹಾರ ಜ್ಞಾನವಿಲ್ಲ, ಅದೇ ಇದಕ್ಕೆಲ್ಲ ಮೂಲ ಎಂದು ಮೇಲಿನವರಿಗೆ ಯಾರೋ ಹೇಳಿದ್ದರಂತೆ. ಹತ್ತು ದಿನ ಹಾನಗಲ್ಲಿನಲ್ಲಿ ಶಿಬಿರ, ಹೋಗುವುದು ಕಡ್ಡಾಯ, ಪ್ರಮಾಣಪತ್ರ ತರದವರ ಪ್ರಬಂಧವನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಸುತ್ತೋಲೆಯನ್ನು ಓದಿ ಹೆಂಡತಿ ಬಿದ್ದು ಬಿದ್ದು ನಕ್ಕಳು. "ವ್ಯಾಪಾರಾ? ನೀವಾ?" ಎಂದು ಮತ್ತೆ ನಕ್ಕಳು. ಆಮೇಲೆ ಚೀಲದಲ್ಲಿ ಎರಡು ಜೊತೆ ಬಟ್ಟೆಯ ಜತೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಮೊದಲ ಮೂರು ದಿನ ಪಾಠ. ಬೊಂಬಾಯಿಯಿಂದ ಬಂದ ತರಬೇತುದಾರರು ಟೈ ಕಟ್ಟಿಕೊಂಡು, ಆ ಬಿಸಿಲಿನಲ್ಲಿ ಬೆವರುತ್ತ, ಕರಿಹಲಗೆಯ ಮೇಲೆ 'ಗಿರಾಕಿಯೇ ದೇವರು' ಎಂದು ಬರೆಸಿದರು. ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಸಂಶೋಧನೆಯನ್ನು ಎರಡು ನಿಮಿಷದಲ್ಲಿ ಹೇಳಬೇಕು ಎಂದರು. ಭತ್ತದ ರೋಗದ ಮೇಲೆ ಕೆಲಸ ಮಾಡುತ್ತಿದ್ದ ಕಮಲಾ ಎಂಬಾಕೆ ಒಂದೂವರೆ ನಿಮಿಷದಲ್ಲಿ ಮುಗಿಸಿ ಕುಳಿತರು. ನಾನು ಎದ್ದೆ. ಪೀಠಿಕೆಯಾಗಿ ಅರಸುಮನೆತನಗಳನ್ನು ಪರಿಚಯಿಸಿ, ಇನ್ನೇನು ಹಾನಗಲ್ಲಿಗೆ ಬರಬೇಕು ಎನ್ನುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ತರಬೇತುದಾರರು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತ, ಸೌಮ್ಯವಾಗಿ, "ನಿಮಗೆ ಪ್ರಾಯೋಗಿಕ ತರಬೇತಿಯೇ ಸರಿ" ಎಂದರು.

ಪ್ರಾಯೋಗಿಕ ಎಂದರೆ ಒಂದು ವಾರ ಒಬ್ಬೊಬ್ಬರು ಒಬ್ಬೊಬ್ಬ ವ್ಯಾಪಾರಿಯ ಕೈಕೆಳಗೆ ಇರುವುದು. ಕಮಲಾ ಹಿರೇಕೆರೂರಿನ ಬೀಜದ ಅಂಗಡಿಗೆ ಹೋದರು. ರಸಾಯನಶಾಸ್ತ್ರದ ಒಬ್ಬರು ಸವಣೂರಿನಲ್ಲಿ ಖಾರಾ ಕರಿಯುವವರ ಹತ್ತಿರ ಹೋಗಿ ನಾಲ್ಕೇ ದಿನದಲ್ಲಿ ನಾಲ್ಕು ಸೇರು ತೂಕ ಹೆಚ್ಚಿಸಿಕೊಂಡರು. ಗಣಿತದವರು ಶಿಗ್ಗಾವಿಯ ಅರಿವೆ ಅಂಗಡಿಯಲ್ಲಿ ಕುಪ್ಪಸದ ಕಣ ಹರಿಯುವಾಗ ಪ್ರತಿಸಲವೂ ಒಂದು ಬೆರಳು ಕಡಿಮೆ ಹರಿದು ಹೆಣ್ಣುಮಕ್ಕಳಿಂದ ಬೈಸಿಕೊಂಡರಂತೆ. ನನ್ನ ಪಾಲಿಗೆ ಬಂದದ್ದು ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಪಕ್ಕ, ಬೇವಿನ ಮರದ ಕೆಳಗೆ ವೀಳ್ಯದೆಲೆ ಮಾರುವ ಗೌರವ್ವ.

ಗೌರವ್ವನಿಗೆ ಐವತ್ತೈದರ ಆಸುಪಾಸು. ತವರು ಸವಣೂರು. ಮೂವತ್ತು ವರ್ಷದಿಂದ ಅದೇ ಮರದ ಕೆಳಗೆ ಎರಡು ಬುಟ್ಟಿ, ಒಂದು ಒದ್ದೆ ಗೋಣಿತಟ್ಟು, ಒಂದು ನೀರಿನ ತಂಬಿಗೆ ಇಟ್ಟುಕೊಂಡು ಕೂತವಳು. ನನ್ನನ್ನು ಕರೆತಂದ ಗುಮಾಸ್ತರು, ಇವರು ದೊಡ್ಡ ಓದು ಓದುತ್ತಿರುವವರು, ವ್ಯಾಪಾರ ಕಲಿಯಲು ಬಂದಿದ್ದಾರೆ ಎಂದಾಗ ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಬರ್ರಿ ಮಾಸ್ತರ, ಕುಂದರ್ರಿ. ಎಷ್ಟ ವರ್ಷ ಓದೀರಿ?"

"ಎಲ್ಲಾ ಸೇರಿ ಇಪ್ಪತ್ತಮೂರು."

"ಅಯ್ಯ ಶಿವನ! ಅಷ್ಟ ಓದಿದ ಮ್ಯಾಲೂ ಎಲಿ ಮಾರಾಕ ಹಚ್ಚಿದ್ರೇನ್ರಿ?" ಎಂದು ನಿಜವಾಗಿಯೂ ಮರುಗಿದಳು.

ಮೊದಲ ದಿನವೇ ಒಂದು ತಾಸು ನನ್ನನ್ನು ಬುಟ್ಟಿಯ ಮುಂದೆ ಕೂರಿಸಿ ತಾನು ಚಹಾ ಕುಡಿಯಲು ಹೋದಳು. ಒಬ್ಬರು ಬಂದು "ಎಲಿ ಹ್ಯಾಂಗ?" ಎಂದು ಕೇಳಿದರು. ಎಲೆ ಹೇಗೆಂದು ನಾನು ಹೇಳತೊಡಗಿದೆ. ತಾಂಬೂಲದ ಇತಿಹಾಸ ಮುಗಿಸಿ ವೀಳ್ಯ ಎಂಬ ಶಬ್ದದ ಮೂಲಕ್ಕೆ ಬರುವಷ್ಟರಲ್ಲಿ ಅವರು ಎದುರಿನ ಅಂಗಡಿಯಲ್ಲಿ ಎಲೆ ಕೊಂಡು ಹೋಗುತ್ತಿದ್ದರು. ಗೌರವ್ವ ತಿರುಗಿ ಬಂದಾಗ ಬುಟ್ಟಿ ಇಟ್ಟಹಾಗೇ ಇತ್ತು. ನಡೆದದ್ದನ್ನು ಹೇಳಿದೆ.

"ಮಾಸ್ತರ, ಆ ಮನಷ್ಯಾನ ಮನ್ಯಾಗ ಬೀಗರು ಬಂದು ಕುಂತಿರತಾರ. ಊಟಾ ಮುಗಸಿ ಎಲಿ ಹಾದಿ ಕಾಯಾಕತ್ತಿರತಾರ. ನಿಮ್ಮ ಶಬ್ದಾ ಒಯ್ದು ಅವರಿಗೆ ಹಾಕಿ ಕೊಡಾಕ ಬರತೈತೇನ್ರಿ? ನೀವು ನಿಮಗ ಗೊತ್ತಿದ್ದದ್ದ ಹೇಳ್ತೀರಿ. ಅವರಿಗೆ ಏನ ಬೇಕಾಗೇತಿ ಅಂತ ಕೇಳಾಂಗಿಲ್ಲ. ಮದಲ ಬಂದವರ ಮಾರಿ ನೋಡ್ರಿ."

ಬೊಂಬಾಯಿಯ ತರಬೇತುದಾರರು ಮೂರು ದಿನ ಬೆವರಿ ಹೇಳಿದ್ದು ಇದನ್ನೇ ಇರಬೇಕು. ಆದರೆ ಅದು ನನ್ನ ತಲೆಗೆ ಇಳಿದದ್ದು ಆಗ.

ಮುಂದಿನ ದಿನಗಳಲ್ಲಿ ಮುಖ ನೋಡುವುದನ್ನು ರೂಢಿ ಮಾಡಿಕೊಂಡೆ. ಹಲ್ಲಿಲ್ಲದ ಅಜ್ಜ ಬಂದರೆ ಎಳೆಯ ಎಲೆ ಕೊಡುವುದು. ಅವಸರದಲ್ಲಿ ಬಂದವರಿಗೆ ಮಾತಿಲ್ಲದೆ ಕಟ್ಟಿಕೊಡುವುದು. ಮಾತು ಬೇಕಾಗಿ ಬಂದವರಿಗೆ ಮಳೆಯ ಸುದ್ದಿ ಕೇಳುವುದು. ಆರು ವರ್ಷದಲ್ಲಿ ನನ್ನ ಮಾತನ್ನು ಕೊನೆಯವರೆಗೂ ನಿಂತು ಕೇಳಿದವರಲ್ಲಿ ಮೊದಲಿಗಳು ಆಡೂರಿನಿಂದ ಬಂದ ಒಬ್ಬ ಮುದುಕಿ. ಆಕೆಗೆ ಕಿವಿ ಮಂದ ಎಂದು ಆಮೇಲೆ ತಿಳಿಯಿತು. ಆದರೂ ಆಕೆ ನೂರು ಎಲೆ ಕೊಂಡಳು.

ಸಂತೆಯ ದಿನ ಬಂತು. ಗೌರವ್ವ ಎಲೆ ತರಲು ಬೆಳಗಿನ ಬಸ್ಸಿಗೆ ಸವಣೂರಿಗೆ ಹೋದವಳು ಹೊತ್ತಾದರೂ ಬರಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಹಿಂದಿನ ದಿನ ಉಳಿದ ಎರಡು ಬುಟ್ಟಿ ಎಲೆಯ ಮುಂದೆ ನಾನೊಬ್ಬನೇ. ಬಿಸಿಲು ಏರಿದಂತೆ ಗೋಣಿತಟ್ಟು ಒಣಗುತ್ತಿತ್ತು, ನಾನು ನೀರು ಚಿಮುಕಿಸುತ್ತಿದ್ದೆ. ಜನ ಬಂದರು, ನಾನು ಮುಖ ನೋಡಿದೆ, ಮಾರಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಬುಟ್ಟಿ ಖಾಲಿ, ಇನ್ನೊಂದರಲ್ಲಿ ಅಂಚು ಬಾಡಿದ ನಾಲ್ಕು ಕಟ್ಟು. ಆಗ ಮಗಳ ಸೀಮಂತಕ್ಕೆಂದು ಅವಸರದಲ್ಲಿ ಬಂದ ಒಬ್ಬ ರೈತ ಅವನ್ನೂ ಕೊಂಡ. ನಾನು ಖಾಲಿ ಬುಟ್ಟಿಗಳನ್ನು ಬೋರಲು ಹಾಕಿ ಅವುಗಳ ಪಕ್ಕ ಅರಸನಂತೆ ಕುಳಿತೆ.

ಗೌರವ್ವ ಹೊಸ ಎಲೆಯ ಹೊರೆ ಇಳಿಸಿಕೊಂಡು ಬಂದಳು. ಬುಟ್ಟಿ ನೋಡಿದಳು. "ಬಾಡಿದ ಕಟ್ಟು ಎಲ್ಲ್ಯದಾವ?"

"ಮಾರಿದೆ!" ಎಂದೆ, ಶಭಾಷ್ ಎನ್ನುವಳೆಂದು.

ಅವಳ ಮುಖ ಕೆಂಪಾಯಿತು. "ಯಾರಿಗೆ?"

ಹೇಳಿದೆ. ಅವಳು ಹೊಸ ಹೊರೆ ಬಿಚ್ಚಿ ಒಳ್ಳೆಯ ನಾಲ್ಕು ಕಟ್ಟು ಆರಿಸಿ ನನ್ನ ಕೈಗೆ ತುರುಕಿದಳು. "ಮಗಳ ಉಡಿ ತುಂಬೂ ಎಲಿ ಅವು. ಓಡ್ರಿ ಮಾಸ್ತರ. ಆ ಮನಷ್ಯಾ ಬಸ್ ಹತ್ತೂದರಾಗ ಕೊಟ್ಟ ಬರ್ರಿ."

ಓಡಿದೆ. ಬಸ್ಸು ಆಗಲೇ ಹೊರಟಿತ್ತು. ಇಪ್ಪತ್ತಮೂರು ವರ್ಷ ಓದಿದವನು ಧೋತರದ ಚುಂಗು ಕೈಯಲ್ಲಿ ಹಿಡಿದು ಬಸ್ಸಿನ ಮುಂದೆ ಹೋಗಿ ಅಡ್ಡ ನಿಂತೆ. ಡ್ರೈವರು ಬ್ರೇಕು ಒತ್ತಿ ನನ್ನ ವಂಶವನ್ನೆಲ್ಲ ನೆನೆದ. ಒಳಗೆ ಹೋಗಿ ಆ ರೈತನನ್ನು ಹುಡುಕಿ, ಕ್ಷಮೆ ಕೇಳಿ, ಎಲೆ ಬದಲಿಸಿದೆ. "ಎಲಿ ಬದಲಿ ಮಾಡಾಕ ಬಸ್ ನಿಂದರಿಸಿದವರನ್ನ ನನ್ನ ಸರ್ವಿಸಿನಾಗ ಇವತ್ತ ನೋಡಿದೆ" ಎಂದು ಕಂಡಕ್ಟರು ಹೇಳಿದ. ರೈತ ಮಾತ್ರ ನನ್ನ ಕೈ ಹಿಡಿದು, "ಛೊಲೊ ಆತ್ರಿ. ಗೌರವ್ವನ ಎಲಿ ಹಿಂಗ ಯಾಕದಾವ ಅಂತ ನಾನೂ ವಿಚಾರ ಮಾಡಾಕತ್ತಿದ್ದೆ" ಎಂದ.

ತಿರುಗಿ ಬಂದಾಗ ಗೌರವ್ವನ ಸಿಟ್ಟು ಇಳಿದಿತ್ತು. ನೀರು ಕೊಟ್ಟು ಕೂರಿಸಿದಳು. ಹೊಸ ಹೊರೆಯಲ್ಲೂ ಅರ್ಧಕ್ಕರ್ಧ ಎಲೆ ತೆಗೆದು ಬದಿಗೆ ಹಾಕುತ್ತಿದ್ದಳು. ಬಸ್ಸು ಬಿಸಿಲಲ್ಲಿ ನಿಂತಾಗ ಕೊಳೆತವು ಅವು.

"ಇಷ್ಟು ಹಾಳಾದರೆ ನಿನಗೆ ನಷ್ಟ ಅಲ್ಲವೇ?" ಎಂದೆ.

"ದೂರದ ಎಲಿ ಹಣೇಬಾರ ಹಂಗ ನೋಡ್ರಿ. ಕೆರಿ ದಂಡಿ ತ್ವಾಟದ ಎಲಿ ಇದ್ರ ಒಂದೂ ಕೆಡಾಂಗಿಲ್ಲ. ದೂರದಿಂದ ಬಂದ ಹೇರಿನಾಗ ಅರ್ಧಾ ಹೋಗತಾವ. ಅದಕ್ಕ ನಮ್ಮತ್ತಿ ಕಾಲದಾಗ ಸಂತ್ಯಾಗ ದೇವರ ಪಾಲಿನ ಎಲಿ ಎತ್ತಾವರು ಇಲ್ಲಿ ತ್ವಾಟದವರ ಕಡೆ ಪೂರ್ತಿ ಇಸ್ಕೊಂಡು, ದೂರದವರ ಕಡೆ ಅರ್ಧಾ ಇಸ್ಕೊಂತಿದ್ರಂತ. ಇಲ್ಲಾಂದ್ರ ದೂರದಾವ ಯಾಕ ಬರತಾನ್ರಿ ಈ ಸಂತಿಗೆ?"

ನಾನು ಕುಳಿತಲ್ಲೇ ಕಲ್ಲಾದೆ. ಕೆರೆಯ ದಂಡೆ. ಎರೆಹೊಲದ ಹಳ್ಳಿ. ಪೂರ್ತಿ, ಅರ್ಧ. ನೀರಿಲ್ಲದ ಎರೆಹೊಲದಲ್ಲಿ ಎಲೆಯ ತೋಟ ಎಲ್ಲಿಂದ ಬರಬೇಕು? ಆ ಸಂತೆಗೆ ಬರುತ್ತಿದ್ದ ಎಲೆಯೆಲ್ಲ ದೂರದ್ದೇ! ನನ್ನ ಇಬ್ಬರು ಅಧಿಕಾರಿಗಳು, ಅವರ ವೈಮನಸ್ಸು, ಅರಸನ ಕಿವಿಗೆ ಹೋದ ಚಾಡಿ ಎಲ್ಲವೂ ಕೊಳೆತ ಎಲೆಗಳ ಜತೆ ಬದಿಗೆ ಬಿದ್ದವು. ಅವರ ಮೇಲೆ ನನಗೆ ಸ್ವಲ್ಪ ಮಮತೆಯೂ ಬೆಳೆದಿತ್ತು. ಆದರೆ ಏನು ಮಾಡುವುದು?

"ಯಾಕ್ರಿ ಮಾಸ್ತರ, ಬಿಸಲ ಬಡೀತೇನು?" ಎಂದು ಗೌರವ್ವ ನನ್ನ ತಲೆಯ ಮೇಲೆ ನೀರು ಚಿಮುಕಿಸಿದಳು.

ಶಿಬಿರ ಮುಗಿದು ಪ್ರಮಾಣಪತ್ರ ಕೈಗೆ ಬಂದ ಮರುದಿನವೇ ಆ ಎರಡೂ ಹಳ್ಳಿಗಳಿಗೆ ಹೋದೆ. ಆರು ವರ್ಷ ಶಾಸನದ ಕಲ್ಲನ್ನಷ್ಟೇ ನೋಡಿದ್ದವನು ಮೊದಲ ಸಲ ಸುತ್ತಲಿನ ಹೊಲ ನೋಡಿದೆ. ಎರೆಹೊಲದ ಹಳ್ಳಿಯ ಹಿರಿಯರನ್ನು ಕೇಳಿದೆ. ಅಲ್ಲಿ ಅಜ್ಜನ ಕಾಲದಲ್ಲೂ ಯಾರೂ ಎಲೆಬಳ್ಳಿ ಹಚ್ಚಿರಲಿಲ್ಲ. ಶಾಸನವನ್ನು ಮತ್ತೆ ಓದಿದಾಗ, ನಾನು ಅಲಂಕಾರದ ಮಾತೆಂದು ದಾಟಿಹೋಗಿದ್ದ ಒಂದು ಸಾಲಿನಲ್ಲಿ ಹೊರನಾಡಿನಿಂದ ಬರುವ ಹೇರು ಎಂದೇ ಇತ್ತು. ನಲವತ್ತು ಪುಟ ಹರಿದು ನಾಲ್ಕು ಪುಟ ಬರೆದೆ. ಮಾರ್ಗದರ್ಶಕರು ಓದಿ ಮುಗಿಸಿದರು. ಆಮೇಲೆ ಕನ್ನಡಕ ತೆಗೆದು, "ಇದನ್ನು ಯಾರು ಹೇಳಿಕೊಟ್ಟರು?" ಎಂದರು. ನಾನು ಬರೆದೆ ಎಂದು ಅವರಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರ ಮುಖ ನೋಡಿದೆ. ದೂರದ ಪ್ರಯಾಣದಿಂದ ದಣಿದಿದ್ದರು, ಸಂಜೆಯ ರೈಲು ಹಿಡಿಯುವ ಚಿಂತೆ ಅವರ ಹುಬ್ಬಿನಲ್ಲೇ ಕಾಣುತ್ತಿತ್ತು. ಅರಸುಮನೆತನಗಳನ್ನು ಬಿಟ್ಟು ನೇರವಾಗಿ ಸಂತೆಗೆ ಬಂದೆ. ಹತ್ತು ನಿಮಿಷದಲ್ಲಿ ಮುಗಿಸಿದೆ. ಅವರು ನೆಟ್ಟಗೆ ಕುಳಿತು, ತಾವಾಗಿಯೇ ಒಂದು ತಾಸು ಪ್ರಶ್ನೆ ಕೇಳಿದರು. ಕೊನೆಗೆ, "ಅಡಿಟಿಪ್ಪಣಿಯಲ್ಲಿ ಗೌರವ್ವ ಎಂದಿದೆಯಲ್ಲ, ಅವರು ಯಾವ ವಿಶ್ವವಿದ್ಯಾಲಯದವರು?" ಎಂದರು. "ಹಾನಗಲ್ ಬಸ್ ಸ್ಟ್ಯಾಂಡಿನವರು ಸರ್" ಎಂದೆ. ಅವರು ನಕ್ಕು ಕೈಕುಲುಕಿದರು, ರೈಲೂ ಸಿಕ್ಕಿತಂತೆ. ಆ ಸಲ ಊರಿಗೆ ಹೋದಾಗ ಅವ್ವನಿಗೆ "ಬರಿಯೂದು ಮುಗೀತವ್ವ" ಎಂದೆ. ಅವಳು ನಂಬಲಿಲ್ಲ, ಕೈ ತೋರಿಸು ಎಂದಳು. ಬೆರಳಿನ ಶಾಯಿಯ ಕಲೆ ಹೋಗಿದ್ದನ್ನು ನೋಡಿ ಕಣ್ಣೊರೆಸಿಕೊಂಡಳು.

ಬೈಂಡು ಹಾಕಿಸಿದ ಪ್ರಬಂಧವನ್ನು ಗೌರವ್ವನಿಗೆ ತೋರಿಸಲು ಹೋದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಅದನ್ನು ತೂಗಿ ನೋಡಿದಳು.

"ಇದರಾಗ ನನ್ನ ಹೆಸರ ಎಲ್ಲೈತಿ? ತೋರಸ್ರಿ."

ಪುಟ ತೆರೆದು ಬುಡದಲ್ಲಿ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿದ್ದ ಸಾಲಿನ ಮೇಲೆ ಬೆರಳಿಟ್ಟೆ. ಅವಳು ಬಾಗಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದಳು.

"ಈ ಇರುವಿ ಸಾಲ ನಾನೇನ್ರಿ?" ಎಂದಳು. "ಛೊಲೊ ಎಲೀನ ಯಾರಾದ್ರೂ ಬುಟ್ಟಿ ತಳಕ್ಕ ಇಡತಾರೇನ್ರಿ ಮಾಸ್ತರ? ಇನ್ನೂ ವ್ಯಾಪಾರ ಬರವಲ್ದು ನಿಮಗ."

ಎರಡು ವರ್ಷದ ಮೇಲೆ ಪ್ರಬಂಧ ಪುಸ್ತಕವಾದಾಗ ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ ಅವಳ ಹೆಸರು ಹಾಕಿಸಿದೆ. ಗೌರವ್ವ ಹತ್ತು ಪ್ರತಿ ಇಸಿದುಕೊಂಡು ಎಲೆಬುಟ್ಟಿಯ ಪಕ್ಕ ಇಟ್ಟು, ಬಂದವರಿಗೆಲ್ಲ ಆ ಪುಟ ತೋರಿಸಿ, ಒಂದೇ ಸಂತೆಯಲ್ಲಿ ಅಷ್ಟನ್ನೂ ಮಾರಿದಳು. ಪ್ರಕಾಶಕರು ಹೇಳುವಂತೆ ಆ ಪುಸ್ತಕ ಮಾರಾಟವಾದದ್ದು ಅದೊಂದೇ ದಿನ. ಉಳಿದ ಪ್ರತಿಗಳನ್ನು ಮಾರುವ ಹೊಣೆ ಲೇಖಕನಾದ ನನ್ನ ಮೇಲಿತ್ತು. ಅವು ಈಗಲೂ ನಮ್ಮ ಮನೆಯ ಅಟ್ಟದ ಮೇಲಿವೆ.