ಸಂಖ್ಯಾಶಾಸ್ತ್ರದಲ್ಲಿ ಪ್ರಥಮ ಬಂದ ದಿವಂಗತ ನೀಲಗಂಗವ್ವನವರ ಹೆಸರು ತಿದ್ದುಪಡಿ ಕುರಿತು

ಇಂದ,
ವಿಜಯೀಂದ್ರ ಮಳಗಿ,
ಅತಿಥಿ ಉಪನ್ಯಾಸಕ, ಸಂಖ್ಯಾಶಾಸ್ತ್ರ ವಿಭಾಗ,
ಫಕೀರಪ್ಪನವರ ಮನೆಯ ಮಹಡಿ ಖೋಲಿ, ಸಪ್ತಾಪುರ, ಧಾರವಾಡ.

ಗೆ,
ಮಾನ್ಯ ಪ್ರಾಚಾರ್ಯರು,
ನಮ್ಮ ಮಹಾವಿದ್ಯಾಲಯ, ಧಾರವಾಡ.

ವಿಷಯ: ಆನ್‌ಲೈನ್ ಕೋರ್ಸಿನಲ್ಲಿ ಪ್ರಥಮ ಸ್ಥಾನ ಪಡೆದ ಶ್ರೀಮತಿ ನೀಲಗಂಗವ್ವನವರು ಹನ್ನೊಂದು ವರ್ಷಗಳ ಹಿಂದೆಯೇ ತೀರಿಕೊಂಡಿರುವುದರಿಂದ, ಪ್ರಮಾಣಪತ್ರದಲ್ಲಿ ಅವರ ಸೊಸೆಯ ಹೆಸರನ್ನು ನಮೂದಿಸುವ ಬಗ್ಗೆ.

ಉಲ್ಲೇಖ: ೧. ತಮ್ಮ ಸುತ್ತೋಲೆ: ‘ಆನ್‌ಲೈನ್ ಬೋಧಕರಿಗೆ ಹನ್ನೆರಡು ಉಪಯುಕ್ತ ಸಲಹೆಗಳು’.
೨. ಕಾಲೇಜಿನ ಮುಖ್ಯದ್ವಾರಕ್ಕೆ ಕಟ್ಟಿರುವ ಅಭಿನಂದನಾ ಬ್ಯಾನರ್ (ಗಾಳಿಗೆ ಒಂದು ತುದಿ ಬಿಚ್ಚಿದೆ).
೩. ಕಚೇರಿ ಅಧೀಕ್ಷಕ ಬಾಬುಸಾಬ ಅವರ ಮೌಖಿಕ ಆದೇಶ: “ಅರ್ಜಿ ಕೊಡ್ರಿ, ನೋಡೂಣು.”

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ನಾನು ಕೆಳಗೆ ಸಹಿ ಮಾಡಿದವನು ನಡೆದದ್ದನ್ನು ನಡೆದಂತೆಯೇ ಅರಿಕೆ ಮಾಡಿಕೊಳ್ಳುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದು ಎಂಟನೆಯ ಅಂಶದಲ್ಲಿ ಬರುತ್ತದೆ.

೧. ‘ನಿತ್ಯಜೀವನಕ್ಕೆ ಸಂಖ್ಯಾಶಾಸ್ತ್ರ’ ಎಂಬ ಮೂವತ್ತು ದಿನಗಳ ಕೋರ್ಸನ್ನು ಮನೆಯಿಂದಲೇ, ದಿನಕ್ಕೆ ಒಂದು ತಾಸಿನಂತೆ ಕಲಿಸಲು ತಾವು ನನಗೆ ಆದೇಶಿಸಿದಿರಿ. ಕೋರ್ಸಿಗೆ ಯಾರು ಬೇಕಾದರೂ ಸೇರಬಹುದು, ವಯಸ್ಸಿನ ಮಿತಿಯಿಲ್ಲ ಎಂದು ಪ್ರಕಟಿಸಲಾಗಿತ್ತು. ಅರುವತ್ತೆರಡು ಜನ ಸೇರಿದರು. ಕೋರ್ಸಿನ ಮುನ್ನಾದಿನದ ಪರಿಚಯ ಸಭೆಯಲ್ಲಿ ನಾನು “ಎಲ್ಲರಿಗೂ ನಮಸ್ಕಾರ” ಎಂದಾಗ ಪರದೆಯ ಮೇಲೆ ಅರುವತ್ತೆರಡು ಕಪ್ಪು ಚೌಕಗಳಿದ್ದವು. ಒಂದು ಚೌಕದಿಂದ ಕುಕ್ಕರಿನ ಸೀಟಿ ಕೇಳಿಸಿತು. ಬೇರೆ ಉತ್ತರ ಬರಲಿಲ್ಲ.

೨. ಆದ್ದರಿಂದ ನಾನು ತಮ್ಮ ಸುತ್ತೋಲೆಯ ಮೊರೆ ಹೋದೆ. ನಾಲ್ಕನೆಯ ಸಲಹೆ ಹೀಗಿದೆ: ‘ಖಾಲಿ ಕ್ಯಾಮೆರಾಕ್ಕೆ ಪಾಠ ಮಾಡುವುದು ಕಷ್ಟವೆನಿಸಿದರೆ, ಪರಿಚಿತರೊಬ್ಬರ ಭಾವಚಿತ್ರವನ್ನು ಕ್ಯಾಮೆರಾದ ಹಿಂದೆ ಇಟ್ಟುಕೊಂಡು, ಅವರಿಗೇ ಕಲಿಸುತ್ತಿರುವಂತೆ ಮಾತನಾಡಿರಿ.’ ನನ್ನ ಖೋಲಿಯಲ್ಲಿ ಇದ್ದ ಒಂದೇ ಭಾವಚಿತ್ರ ನನ್ನದೇ, ಅದೂ ಗುರುತಿನ ಚೀಟಿಯಲ್ಲಿ. ಆದ್ದರಿಂದ ಮನೆಯ ಒಡತಿ ಶಿವಬಸವ್ವನವರನ್ನು ಕೇಳಿದೆ. ಅವರು ಅರುವತ್ತೊಂದು ವರ್ಷದವರು, ಅಮ್ಮಿನಬಾವಿಯ ತವರಿನವರು, ಏಳನೆಯ ಇಯತ್ತೆಗೆ ಸಾಲಿ ಬಿಟ್ಟವರು. ಪಡಸಾಲೆಯ ಗೋಡೆಯಿಂದ ತಮ್ಮ ಅತ್ತೆ ನೀಲಗಂಗವ್ವನವರ ಚೌಕಟ್ಟನ್ನು ಇಳಿಸಿ, ಸೆರಗಿನಿಂದ ಒರೆಸಿ, ಮಾಲೆ ತೆಗೆದು ಕೊಟ್ಟರು.

“ಒಯ್ಯಿರಿ. ಇಕಿ ಮುಂದ ಮಾತಾಡಿ ರೂಢಿ ಆತಂದ್ರ ಜಗತ್ತಿನ್ಯಾಗ ಯಾರ ಮುಂದೂ ಅಂಜಿಕಿ ಆಗೂದಿಲ್ಲ” ಎಂದರು.

೩. ಆರನೆಯ ಸಲಹೆ: ‘ವಿದ್ಯಾರ್ಥಿಗಳಿಗೆ ಏನು ಕಾಣುತ್ತಿದೆ ಎಂದು ತಿಳಿಯಲು ಇನ್ನೊಂದು ಫೋನಿನಿಂದ ವಿದ್ಯಾರ್ಥಿಯಾಗಿ ಸೇರಿಕೊಳ್ಳಿರಿ.’ ನನ್ನ ಹಳೆಯ ಫೋನಿನಿಂದ ಸೇರಲು ಹೋದೆ. ಕ್ಯಾಮೆರಾದಲ್ಲಿ ಕಾಣುವ ಮುಖಕ್ಕೂ ನೋಂದಣಿಯ ಹೆಸರಿಗೂ ತಾಳೆಯಿರಬೇಕು ಎಂದು ಅದು ಪಟ್ಟು ಹಿಡಿಯಿತು. ಫೋನು ಲ್ಯಾಪ್‌ಟಾಪಿನ ಬೆನ್ನಿಗೆ ಆನಿಸಿದರೆ ಮಾತ್ರ ನಿಲ್ಲುತ್ತಿತ್ತು, ಆದಕಾರಣ ಅದರ ಮುಖ ಚೌಕಟ್ಟಿನ ಕಡೆಗಿತ್ತು. ಕಾಣುತ್ತಿದ್ದ ಮುಖ ನೀಲಗಂಗವ್ವನವರದು. ಆ ಹೆಸರನ್ನೇ ತುಂಬಿದೆ. ಫೋನಿನ ಪರದೆ ನನಗೆ ಕಾಣುತ್ತಿರಲಿಲ್ಲ, ಹೀಗಾಗಿ ಸಲಹೆಯ ಉದ್ದೇಶ ಈಡೇರಲಿಲ್ಲ. ಸಲಹೆ ಮಾತ್ರ ಅಕ್ಷರಶಃ ಪಾಲನೆಯಾಯಿತು.

೪. ಮೂರನೆಯ ದಿನ ಶಿವಬಸವ್ವನವರು ಚಹಾ ತಂದರು. ಆಗ ನಾನು ಚೌಕಟ್ಟಿಗೆ “ತಿಳಿಯಿತೇ? ತಿಳಿಯದಿದ್ದರೆ ಸಂಕೋಚಪಡದೆ ಕೇಳಿ” ಎನ್ನುತ್ತಿದ್ದೆ. ಅವರು ಬಾಗಿಲಲ್ಲೇ ನಿಂತರು. ಪಾಠ ಮುಗಿದ ಮೇಲೆ ಹೇಳಿದರು:

“ಸರ, ಆಕಿ ಹುಟ್ಟಿದಾಗಿಂದ ಯಾರ ಮಾತೂ ಕೇಳಿದಾಕಿ ಅಲ್ರಿ. ನಿಮ್ಮ ಮುಂದ ಹ್ಯಾಂಗ ಬಾಯಿ ಮುಚಗೊಂಡ ಕುಂತಾಳ ನೋಡ್ರಿ! ನಾಳಿಗೂ ಪ್ರಶ್ನಾ ಕೇಳತೀರೇನು?”

“ದಿನಾ ಕೇಳುತ್ತೇನೆ. ಏಳನೆಯ ಸಲಹೆ. ಪ್ರತಿ ತರಗತಿಗೆ ಎರಡು ಪ್ರಶ್ನೆ.”

ಮರುದಿನ ಅವರು ತಾವೇ ಒಂದು ಮಣೆ ತಂದು, ಚೌಕಟ್ಟಿನ ಪಕ್ಕದಲ್ಲಿ ಹಾಕಿಕೊಂಡು ಕುಳಿತರು. ಅತ್ತೆಗೆ ಉತ್ತರ ಬರದಿರುವುದನ್ನು ನೋಡುವುದೇ ಆಗ ಅವರ ಉದ್ದೇಶವಾಗಿತ್ತು. ಎರಡು ದಿನ ಕಣ್ತುಂಬ ನೋಡಿದರು. ಅದರ ಮರುದಿನ ಅವರಿಗೇ ಉತ್ತರ ಹೊಳೆಯಿತು. ಕೈ ಚಾಚಿ ಫೋನಿನ ಪರದೆಯಲ್ಲಿ ಆ ಉತ್ತರವನ್ನು ಒತ್ತಿದರು. ಸರಿ ಉತ್ತರ ಎಂದು ಫೋನು ಗಂಟೆ ಬಾರಿಸಿತು. ಅಂದಿನಿಂದ ಆ ಗಂಟೆ ನಿಲ್ಲಲಿಲ್ಲ.

೫. ಇದರ ನಡುವೆ ಶಿವಬಸವ್ವನವರ ಪತಿ ಫಕೀರಪ್ಪನವರು, ಹುಬ್ಬಳ್ಳಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುವವರು, ಒಂದು ಮುಂಜಾನೆ ಊದಿನಕಡ್ಡಿ ಹಚ್ಚಿಕೊಂಡು ಗೋಡೆಯ ಮುಂದೆ ನಿಂತು “ಅವ್ವ ಎಲ್ಲ್ಯಾಳ?” ಎಂದು ಕೇಳಿದರಂತೆ.

“ಕಾಲೇಜಿಗೆ ಹೋಗ್ಯಾಳ” ಎಂದು ಶಿವಬಸವ್ವನವರು ಅಡುಗೆ ಮನೆಯಿಂದ ಹೇಳಿದರಂತೆ.

೬. ಒಂಬತ್ತನೆಯ ದಿನದ ಪಾಠ ಸರಾಸರಿ. ನಾನು ಪುಸ್ತಕದಲ್ಲಿದ್ದಂತೆ ಕ್ರಿಕೆಟ್ ರನ್ನುಗಳ ಉದಾಹರಣೆ ಕೊಟ್ಟೆ. ತರಗತಿ ಮುಗಿದ ಮೇಲೆ ಶಿವಬಸವ್ವನವರು ಮಣೆ ಬಿಟ್ಟು ಏಳಲಿಲ್ಲ.

“ಸರ, ಈ ಸರಾಸರಿ ನನಗ ಒಪ್ಪಿಗಿಲ್ರಿ.”

“ಯಾಕ್ರಿ?”

“ಮನ್ಯಾಗ ಎಂಟ ಮಂದಿ ಇದ್ವಿ. ದಿನಾ ಇಪ್ಪತ್ನಾಕ ರೊಟ್ಟಿ ಬಡೀತಿದ್ದೆ. ನಿಮ್ಮ ಲೆಕ್ಕದಾಗ ತಲಿಗೆ ಮೂರು. ಖರೇ. ಅತ್ತಿ ಬಡಸಾಕ ನಿಂತ್ಲಂದ್ರ ಏಳ ಮಂದಿ ಉಣ್ಣೂದ್ರಾಗ ಬುಟ್ಟಿ ಖಾಲಿ. ಬಡದಾಕಿಗೆ ಒಂದೂ ಇಲ್ಲ. ಆದ್ರೂ ಲೆಕ್ಕದಾಗ ಆಕೀನೂ ಮೂರ ತಿಂದಾಳ. ಈ ಲೆಕ್ಕ ಬರದಾಂವ ಎಂದೂ ಕಡೀಕ ಉಂಡಿಲ್ರಿ.”

ಮಾನ್ಯರೇ, ಮರುದಿನದ ಪಾಠ ‘ವಿಚಲನೆ’, ಎಂದರೆ ಸರಾಸರಿಯಿಂದ ಯಾರು ಎಷ್ಟು ದೂರ ಉಳಿದರು ಎಂಬ ಲೆಕ್ಕ. ಅದನ್ನು ಅವರು ಹಿಂದಿನ ದಿನವೇ ಮುಗಿಸಿಬಿಟ್ಟಿದ್ದರು. ನಾನು ಹನ್ನೆರಡು ವರ್ಷ ಕಲಿಸಿದ್ದೇನೆ. ನನಗೆ ಇದು ಹೊಳೆದಿರಲಿಲ್ಲ. ಏಕೆಂದರೆ ನಾನೂ ಮೊದಲನೆಯ ಪಂಕ್ತಿಯಲ್ಲೇ ಉಂಡವನು.

೭. ಮರುದಿನ ಆ ಇಪ್ಪತ್ತನಾಲ್ಕು ರೊಟ್ಟಿಗಳನ್ನೇ ತರಗತಿಯಲ್ಲಿ ಹೇಳಿದೆ. ಬಳಿಕ ಹೆಬ್ಬಳ್ಳಿಯ ಹುಸ್ನಾ ಎಂಬ ವಿದ್ಯಾರ್ಥಿನಿಯ ಕಪ್ಪು ಚೌಕ ತೆರೆದುಕೊಂಡಿತು. ಹಿಂದೆ ಒಲೆ, ಕೈಯಲ್ಲಿ ಹಿಟ್ಟು.

“ಸರ್, ನಮ್ಮನ್ಯಾಗೂ ಹಂಗರಿ. ನಮ್ಮಮ್ಮೀದು ಸೊನ್ನಿ” ಎಂದಳು.

ಅಂದು ಹತ್ತೊಂಬತ್ತು ಚೌಕಗಳು ತೆರೆದುಕೊಂಡವು. ಸುತ್ತೋಲೆಯ ಹನ್ನೆರಡೂ ಸಲಹೆಗಳಿಂದ ಆಗದ ಕೆಲಸ ಇದು ಎಂದು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಹುಸ್ನಾ ಕೊನೆಯಲ್ಲಿ ಒಂದು ಅಹವಾಲನ್ನೂ ಸಲ್ಲಿಸಿದಳು: “ಸರ್, ಆ ನೀಲಗಂಗವ್ವ ಅಜ್ಜಿ ಹತ್ತ ದಿನದಾಗ ಒಮ್ಮೀನೂ ಕಣ್ಣ ಬಡದಿಲ್ರಿ. ಡಾಕ್ಟರಿಗೆ ತೋರಸ್ರಿ.”

೮. ತಪ್ಪು. ಹುಸ್ನಾ ಹೀಗೆಂದಾಗ ನಾನು ಸತ್ಯ ಹೇಳಬೇಕಿತ್ತು, ಹೇಳಲಿಲ್ಲ. ನೂರಕ್ಕೆ ನೂರು ಹಾಜರಾತಿಯುಳ್ಳ ಒಬ್ಬ ವಿದ್ಯಾರ್ಥಿನಿ ಇದ್ದರೆ ಮುಂದಿನ ವರ್ಷವೂ ನನ್ನನ್ನು ಇಟ್ಟುಕೊಳ್ಳುವಿರಿ ಎಂಬ ಆಸೆಯಿಂದ “ತೋರಿಸುತ್ತೇನಮ್ಮಾ” ಎಂದೆ.

೯. ಕೋರ್ಸು ಮುಗಿದು ಗಣಕವ್ಯವಸ್ಥೆಯು ತಾನೇ ಫಲಿತಾಂಶ ತೆಗೆಯಿತು. ನೀಲಗಂಗವ್ವನವರು ಅರುವತ್ತು ಪ್ರಶ್ನೆಗಳಲ್ಲಿ ಐವತ್ತು ಸರಿ, ಹಾಜರಾತಿ ಪೂರ್ಣ, ತರಗತಿಯಲ್ಲಿ ಏಕಾಗ್ರತೆ ಅಸಾಧಾರಣ. ಪ್ರಥಮ. ಹುಸ್ನಾ ದ್ವಿತೀಯ. ತಾವು ‘ಈ ಇಳಿವಯಸ್ಸಿನಲ್ಲೂ ಬತ್ತದ ಜ್ಞಾನದಾಹ’ ಎಂದು ಬ್ಯಾನರ್ ಕಟ್ಟಿಸಿದಿರಿ. ಪ್ರಮಾಣಪತ್ರ ಮನೆಗೇ ಬಂತು. ಫಕೀರಪ್ಪನವರು ತಾಯಿಯ ಚೌಕಟ್ಟನ್ನು ಮತ್ತೆ ಪಡಸಾಲೆಯಲ್ಲಿ ತೂಗುಹಾಕಿ, ಹೊಸ ಮಾಲೆ ಏರಿಸಿ, ಓಣಿಗೆಲ್ಲ ಫೇಡೆ ಹಂಚಿದರು.

“ನಮ್ಮವ್ವ ಮೊದಲಿಂದಾನೂ ಭಾಳ ಶಾಣ್ಯಾಕಿ” ಎಂದರು.

ಶಿವಬಸವ್ವನವರು ಎರಡು ದಿನ ನನಗೆ ಚಹಾ ಕೊಡಲಿಲ್ಲ. ಮೂರನೆಯ ದಿನ ಮೆಟ್ಟಿಲ ಮೇಲೆ ಅಡ್ಡ ನಿಂತರು.

“ರೊಟ್ಟಿ ನಾ ಬಡದ್ರ ಹೆಸರು ಆಕೀದು. ಉಪ್ಪಿನಕಾಯಿ ನಾ ಹಾಕಿದ್ರ ಹೆಸರು ಆಕೀದು. ಆಕಿ ಸತ್ತು ಹನ್ನೊಂದ ವರ್ಷಾತು ಸರ. ಇನ್ನೂ ಆಕೀದೇನ್ರಿ?”

ಹೆಸರು ತಿದ್ದಿಸಿಕೊಡುತ್ತೇನೆ ಎಂದೆ. ತಿದ್ದಿಸದಿದ್ದರೆ ಖೋಲಿ ಖಾಲಿ ಮಾಡಬೇಕೆಂದು ಅವರು ಸ್ಪಷ್ಟಪಡಿಸಿದರು.

೧೦. ಅದರಂತೆ ಕಳೆದ ಸೋಮವಾರ ಅವರನ್ನು ಕರೆದುಕೊಂಡು ಕಚೇರಿಗೆ ಬಂದೆ. ಅಧೀಕ್ಷಕ ಬಾಬುಸಾಬ ಅವರು ಸಭ್ಯರು, ನಿಯಮದ ಪುಸ್ತಕ ತೆಗೆದು ತೋರಿಸಿದರು. ಹೆಸರು ತಿದ್ದುಪಡಿಗೆ ಮೂಲ ಅಭ್ಯರ್ಥಿ ಖುದ್ದು ಹಾಜರಾಗಬೇಕು.

ಶಿವಬಸವ್ವನವರು ಆಟೋ ಹಿಡಿದು ಮನೆಗೆ ಹೋದರು. ಮುಕ್ಕಾಲು ತಾಸಿನಲ್ಲಿ ಮರಳಿ ಬಂದು ಚೌಕಟ್ಟನ್ನು ಬಾಬುಸಾಬ ಅವರ ಮೇಜಿನ ಮೇಲೆ ನಿಲ್ಲಿಸಿದರು.

“ಕರಕೊಂಡ ಬಂದೇನಿ. ಏನ ಕೇಳತೀರಿ ಕೇಳ್ರಿ.”

ಬಾಬುಸಾಬ ಅವರು ಎದ್ದು ನಿಂತರು. ಹಿರಿಯರ ಮುಂದೆ ಕುಳಿತು ಅವರಿಗೆ ಅಭ್ಯಾಸವಿಲ್ಲವಂತೆ. ಪ್ರಶ್ನಪತ್ರಿಕೆಯಿಂದ ಒಂದು ಪ್ರಶ್ನೆಯನ್ನು ಚೌಕಟ್ಟಿಗೆ ಓದಿ ಹೇಳಿದರು: ಐದು ಸಂಖ್ಯೆಗಳ ಮಧ್ಯಾಂಕ ಯಾವುದು? ನಿಯಮದಂತೆ ಒಂದು ನಿಮಿಷ ಕಾದರು. ಅಭ್ಯರ್ಥಿ ಉತ್ತರಿಸಲಿಲ್ಲ. ಶಿವಬಸವ್ವನವರು ಉತ್ತರಿಸಿದರು.

“ಉತ್ತರ ಬರೋಬರಿ ಐತ್ರಿ ಅವ್ವಾರ. ಆದ್ರ ಯಾರ ಹೇಳಿದ್ರು ಅಂತ ಬರಕೊಳ್ಳಾಕ ಈ ಫಾರ್ಮಿನ್ಯಾಗ ಕಾಲಂ ಇಲ್ಲ” ಎಂದು ಬಾಬುಸಾಬ ಅವರು ಬಹಳ ಬೇಸರದಿಂದ ನುಡಿದರು.

“ಹಂಗಾರ ಇಟಗೋರಿ” ಎಂದರು ಶಿವಬಸವ್ವ. “ಬಹುಮಾನ ಕೊಟ್ಟವರು ನೀವು. ಇನ್ನ ಮ್ಯಾಲ ಆಕೀನ್ನೂ ನೀವ ಸಂಭಾಳಸ್ರಿ. ಮುಂಜಾನೆ ಬಿಸಿನೀರು ತಡಾ ಆದ್ರ ಆಕಿಗೆ ನಡಿಯೂದಿಲ್ಲ.”

ಚೌಕಟ್ಟನ್ನು ಅಲ್ಲಿಯೇ ಬಿಟ್ಟು ಹೊರಟುಹೋದರು.

೧೧. ಚೌಕಟ್ಟು ಈಗಲೂ ಕಚೇರಿಯಲ್ಲಿದೆ. ಪರೀಕ್ಷೆ ಹತ್ತಿರ ಬಂದಿರುವುದರಿಂದ, ಚೌಕಟ್ಟಿನಲ್ಲಿರುವವರು ಸಂಸ್ಥೆಯ ಸ್ಥಾಪಕರೆಂದು ಭಾವಿಸಿದ ವಿದ್ಯಾರ್ಥಿಗಳು ಹೂವು ಇಟ್ಟು ಹೋಗುತ್ತಿದ್ದಾರೆ. ನಿನ್ನೆ ತಾವೂ ಚಪ್ಪಲಿ ಬಿಟ್ಟು ಕೈಮುಗಿದಿರಿ ಎಂದು ತಿಳಿದುಬಂದಿದೆ.

೧೨. ಖಾಲಿ ಗೋಡೆ ನೋಡಿದ ಫಕೀರಪ್ಪನವರು ನನ್ನ ಖೋಲಿಗೆ ಬಂದರು. ಜಗಳ ನಿರೀಕ್ಷಿಸಿದ್ದೆ. ಅವರು ಹೆಂಡತಿಯ ಮಣೆಯ ಮೇಲೆ ಕುಳಿತರು.

“ಸರ, ಆ ರೊಟ್ಟಿ ಲೆಕ್ಕ ಓಣ್ಯಾಗೆಲ್ಲಾ ಮಾತಾಡಾಕತ್ತಾರ. ಆ ಎಂಟನೇದಾಕಿ ಉಪಾಸ ಇರತಿದ್ಲು ಅನ್ನೂದು ಖರೇ ಏನು?”

“ಅದನ್ನು ನೀವು ಕೆಳಗೆ ಹೋಗಿ ಕೇಳಬೇಕ್ರೀ” ಎಂದೆ.

ಅವರು ಕೆಳಗೆ ಹೋದರು. ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮರುದಿನ ಮುಂಜಾನೆ ಮೃತರ ಏಕೈಕ ವಾರಸುದಾರರಾಗಿ ಒಪ್ಪಿಗೆ ಪತ್ರ ಬರೆದುಕೊಟ್ಟರು. ಹುಸ್ನಾಳಿಗೂ ನಾನು ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವಳ ಹೇಳಿಕೆ: “ನನಗ ಎರಡನೇದ ಇರ್ಲಿ ಸರ್. ಆದ್ರ ಜೀವಂತ ಇದ್ದವರ ಕೈಲೆ ಸೋತೇನಿ ಅಂತ ಬರೀರಿ.”

ಆದ್ದರಿಂದ, ಐವತ್ತು ಸರಿ ಉತ್ತರಗಳೂ ಶಿವಬಸವ್ವನವರವೇ ಆಗಿರುವ ಕಾರಣ, ಏಕಾಗ್ರತೆ ಮಾತ್ರ ಅವರ ಅತ್ತೆಯದಾಗಿರುವ ಕಾರಣ, ಹಾಗೂ ಸುಳ್ಳು ನನ್ನದಾಗಿರುವ ಕಾರಣ, ಪ್ರಥಮ ಸ್ಥಾನದ ಪ್ರಮಾಣಪತ್ರವನ್ನು ಶ್ರೀಮತಿ ಶಿವಬಸವ್ವನವರ ಹೆಸರಿಗೆ ಮಾಡಿಕೊಡಬೇಕಾಗಿಯೂ, ನನ್ನ ಮೇಲೆ ಯೋಗ್ಯ ಕ್ರಮ ಕೈಕೊಳ್ಳಬೇಕಾಗಿಯೂ ಪ್ರಾರ್ಥಿಸುತ್ತೇನೆ. ಎರಡರಲ್ಲಿ ಒಂದನ್ನೇ ಮಾಡಲು ಕಚೇರಿಗೆ ಪುರುಸೊತ್ತಿದ್ದರೆ, ಮೊದಲನೆಯದನ್ನು ಮಾಡಬೇಕು.

ತಮ್ಮ ವಿಶ್ವಾಸಿ (ಎಂಟನೆಯ ಅಂಶವನ್ನು ಹೊರತುಪಡಿಸಿ),
ವಿಜಯೀಂದ್ರ ಮಳಗಿ

ಲಗತ್ತುಗಳು:
ಅ) ಮೂಲ ಪ್ರಮಾಣಪತ್ರ, ಫೇಡೆಯ ಜಿಡ್ಡಿನೊಂದಿಗೆ.
ಆ) ನೀಲಗಂಗವ್ವನವರ ಮರಣ ದಾಖಲೆ.
ಇ) ಫಕೀರಪ್ಪನವರ ಒಪ್ಪಿಗೆ ಪತ್ರ. ‘ನನ್ನ ಹೆಂಡತಿ ಶಾಣ್ಯಾಕಿ’ ಎಂಬ ಸಾಲನ್ನು ಎರಡು ಸಲ ಬರೆದಿದ್ದಾರೆ. ಒಂದನ್ನೂ ಹೊಡೆದುಹಾಕಿಲ್ಲ.
ಈ) ಹುಸ್ನಾಳ ಹೇಳಿಕೆ.

ವಿಶೇಷ ಸೂಚನೆ: ಪಡಸಾಲೆಯ ಗೋಡೆಗೆ ಹೊಗೆ ಹಿಡಿದು ಬಣ್ಣ ಮಾಸಿದೆ. ಚೌಕಟ್ಟು ಇದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿದೆ. ಶಿವಬಸವ್ವನವರ ಸೂಚನೆಯಂತೆ ಟೇಪು ಹಿಡಿದು ಅಳೆದಿದ್ದೇನೆ: ಎತ್ತರ ಹದಿನಾಲ್ಕು ಇಂಚು, ಅಗಲ ಹನ್ನೊಂದು. ಹೊಸ ಪ್ರಮಾಣಪತ್ರವನ್ನು ಅದೇ ಅಳತೆಗೆ ಮುದ್ರಿಸಿ ಕೊಡಬೇಕಾಗಿ ವಿನಂತಿ.