ಅಡ್ಡ ಏಳು, ಉದ್ದ ಏಳು

ಎಷ್ಟೇ ಅವಸರವಿದ್ದರೂ ಎರಡು ನಿಮಿಷ ಕುಳಿತು ಇದನ್ನು ಕೇಳಿ. ಏಕನಾಥನನ್ನು ಬೈಯುವುದಿದ್ದರೆ ಆಮೇಲೆ ಬೈಯಿರಿ.

ಆ ಬರಗಾಲದ ವರ್ಷ ಔರಾದಿನ ಟ್ಯಾಂಕರ್ ಆಫೀಸಿನ ಕಂಪ್ಯೂಟರು ಏಕನಾಥನ ಕೈಯಲ್ಲಿತ್ತು. ಏಳು ಊರಿಗೆ ಏಳು ದಿನ ಟ್ಯಾಂಕರ್ ಎಷ್ಟೆಷ್ಟು ಖೇಪು, ಅಂದರೆ ಎಷ್ಟು ಸಲ, ನೀರು ಒಯ್ಯಬೇಕು ಎಂಬ ಚೌಕವನ್ನು ಅವನು ಪೈಥಾನಿನಲ್ಲಿ ತುಂಬುತ್ತಿದ್ದ. ಅದನ್ನು ತಗೊಂಡು ಹಾಳೆ ಮುದ್ರಿಸುವುದು ಪಾಲಿಟೆಕ್ನಿಕ್ಕಿನ ಶಿವರಾಜಪ್ಪ ಸರ್ ಬರೆದ ಹಳೇ ಫೋರ್ಟ್ರಾನ್ ಪ್ರೋಗ್ರಾಮು. ಹಾಳೆಯಲ್ಲಿ ಊರಿನ ಹೆಸರಿಲ್ಲ, ವಾರದ ಹೆಸರಿಲ್ಲ. ಮೇಲೆ ಒಂದರಿಂದ ಏಳು, ಎಡಕ್ಕೂ ಒಂದರಿಂದ ಏಳು. ಏಕನಾಥನ ಲೆಕ್ಕದಲ್ಲಿ ಎಡದ್ದು ಊರು, ಮೇಲಿನದು ದಿನ. ಸಾಹೇಬರ ಮೊಹರಿನ ಸಿಕ್ಕಾ ಬಿದ್ದ ಆ ಹಾಳೆ ಬಿಟ್ಟರೆ ಡ್ರೈವರ್ ಮಕ್ಸೂದ ಬಾಯಿಮಾತಿಗೆ ಸ್ಟೇರಿಂಗ್ ತಿರುಗಿಸುವವನಲ್ಲ. ಮೂರು ತಿಂಗಳಾಗಿತ್ತು, ಒಂದು ದೂರಿರಲಿಲ್ಲ.

ಅವತ್ತು ಶುಕ್ರವಾರ. ಡಾಬಕಾದಲ್ಲಿ ಏಕನಾಥನದೇ ಮದುವೆ ನಿಶ್ಚಯ. "ಟ್ಯಾಂಕರ್ ಬಂದ್ರ ಒಲಿ ಹಚ್ತೇನ್ರಿ. ನೀರ ತರ್ಲಾರದ ನೀರಿನ ಆಫೀಸ್ನವಗ ಮಗಳ್ನ ಕೊಟ್ಟು ಏನ್ ಮಾಡ್ಲಿ?" ಎಂದಿದ್ದರು ಹುಡುಗಿಯ ತಾಯಿ ಜಿಜಾಬಾಯಿ.

ಡಾಬಕಾ ಎರಡನೇ ಊರು, ಶುಕ್ರವಾರ ಐದನೇ ದಿನ. ಮೂರು ಖೇಪು ಅಂತ ಅವನೇ ತುಂಬಿದ್ದ. ಬೆಳಿಗ್ಗೆ ಖುಷಿಯಿಂದ ಎರಡನೇ ಸಾಲಿನಲ್ಲಿ, ಐದರ ಕೆಳಗೆ ಬೆರಳಿಟ್ಟು ನೋಡಿದರೆ ಸೊನ್ನೆ. ಮುಖ ಕೆಂಡಕ್ಕೆ ಬಿದ್ದ ಹಪ್ಪಳವಾಯಿತು.

"ಯಾಕ್ರೀ ಸರ್, ಬೀಗರು ಬ್ಯಾಡಂದ್ರೇನು?" ಎಂದು ಇಣುಕಿದ ಜವಾನ ಪಂಢರಿ.

ಏಕನಾಥ ಪರೀಕ್ಷೆಗೆಂದು ಚೌಕದಲ್ಲಿ ಒಂದರಿಂದ ನಲವತ್ತೊಂಬತ್ತರ ತನಕ ಸಾಲಾಗಿ ತುಂಬಿ ಸರ್ ಪ್ರೋಗ್ರಾಮಿಗೆ ಕಳಿಸಿದ. ಒಂದು, ಎರಡು, ಮೂರು ಬರಬೇಕಾದ ಮೊದಲ ಸಾಲಿನಲ್ಲಿ ಒಂದು, ಎಂಟು, ಹದಿನೈದು ಬಂತು. ನಿಶ್ಚಯವನ್ನೇ ಮರೆತು ಪರದೆಗೆ ಮೂಗು ತಾಗಿಸಿದ. ಸರ್‌ಗೆ ಫೋನ್ ಹಚ್ಚಿದ.

"ನಿನ್ ಪೈಥಾನ್ ಅಡ್ಡ ಪೇರಿಸ್ತದ, ನನ್ ಫೋರ್ಟ್ರಾನ್ ಉದ್ದ ಇಳಿಸ್ಕೋತದ. ನಿನ್ ಅಡ್ಡ ಸಾಲು ಹಾಳ್ಯಾಗ ಉದ್ದ ಸಾಲಾಗ್ತದ" ಎಂದರು ಶಿವರಾಜಪ್ಪ. "ಏಳಕ್ಕೇಳು ಚೌಕ ನೋಡು, ಹೆಚ್ಚಿಲ್ಲ ಕಮ್ಮಿಲ್ಲ. ಅದಕ್ಕ ಎರರ್ ಬರ್ಲಿಲ್ಲ."

"ಹಂಗಾದ್ರ ಮೂರ್ ತಿಂಗಳ ನೀರು ಸರೀಗಿ ಹ್ಯಾಂಗ ಹೋತ್ರೀ ಸರ್?"

"ಬಸವಣ್ಣನ ಕೃಪಾ. ನೀ ಮದ್ಲ ತಿದ್ದು."

ತಿದ್ದಿದ. ಸಿಕ್ಕಾ ಹಾಕಿಸಿ ಹೊಸ ಹಾಳೆಯನ್ನು ಮಕ್ಸೂದನ ಕೈಗಿಟ್ಟು ಹೊಸ ಅಂಗಿ ತೊಟ್ಟ. ಹನ್ನೊಂದಕ್ಕೆ ಜಿಜಾಬಾಯಿಯ ಫೋನು.

"ಅಳ್ಯಾರ, ಕೊಡ ಸಾಲ್ಹಚ್ಚಿ ಕುಂತೇವ್ರಿ. ಟ್ಯಾಂಕರ್ ಎಲ್ಲದ? ಸಂಜಿ ತನಾ ನೋಡ್ತೇನಿ."

ಏಕನಾಥ ಗಾಬರಿಯಾಗಿ ಮಕ್ಸೂದನಿಗೆ ಫೋನ್ ಮಾಡಿದ. "ಇವತ್ತ ಡಾಬಕಾ ಇಲ್ರೀ ಸಾಬ್" ಎಂದ ಅವನು. "ಐದನೇ ಸಾಲಿನಾಗ, ಎರಡರ ಕೆಳಗ ಸೊನ್ನಿ ಅದ."

"ಎರಡನೇ ಸಾಲು ನೋಡ್ಬೇಕ್ರೀ ಮಕ್ಸೂದ ಭಾಯಿ. ಸಾಲು ಅಂದ್ರ ಊರು."

"ನಮ್ ಟ್ರಿಪ್ ಬುಕ್ಕಿನಾಗ ತಾರೀಖು ಒಂದರ ಕೆಳಗೊಂದು, ಊರು ಮ್ಯಾಲ. ನಾ ಮದ್ಲಿಂದ ಹಂಗೇ ಓದ್ಕೋತ ಬಂದೀನ್ರಿ."

ಪ್ರೋಗ್ರಾಮು ತಪ್ಪು, ಮಕ್ಸೂದನೂ ತಪ್ಪು. ಎರಡು ತಪ್ಪು ಕೂಡಿ ಮೂರು ತಿಂಗಳು ಸರಿಯಾಗಿ ನೀರು ಕುಡಿಸಿದ್ದವು. "ಈ ಮನುಷ್ಯ ಹಾಳಿ ಉದ್ದ ಓದ್ತಾನ್ರೀ ಪಂಢರಿ!" ಎಂದು ಹಣೆ ಬಡಿದುಕೊಂಡ ಏಕನಾಥ, ಪ್ರೋಗ್ರಾಮನ್ನು ಮತ್ತೆ ಮೊದಲಿನ ಹಾಗೇ ಮಾಡಿದ. ಹಳೇ ಹಾಳೆ ಮುದ್ರಿಸಿ, ಸಿಕ್ಕಾ ಹಾಕಿಸಿ, ಪಂಢರಿಯ ಕೈಲಿ ಕೊಟ್ಟು ಬೈಕಿನ ಮೇಲೆ ಓಡಿಸಿದ.

ಸಂಜೆ ಪಂಢರಿ ಮದುಮಗನ ಹಾಗೆ ನಗುತ್ತ ಬಂದ. "ಹಾಳಿ ಮುಟ್ಟಿಸಿದ್ನಿರಿ. ಮ್ಯಾಲ ಮಕ್ಸೂದಗ ಅಡ್ಡ ಓದೂದು ಕಲಿಸಿ, ಆಣಿ ತಗೊಂಡು ಬಂದೀನಿ. ಇನ್ ಜಲ್ಮದಾಗ ಉದ್ದ ಓದಂಗಿಲ್ರಿ."

"ಗಾಡಿ ಡಾಬಕಾಕ ಹೋತೇನ್ರಿ?"

"ಎಲ್ಲೀದ್ರೀ ಸರ್. ಎರಡನೇ ಸಾಲಿನಾಗ, ಐದರ ಕೆಳಗ ಸೊನ್ನಿ ಇತ್ತಲ್ಲ."

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಜಿಜಾಬಾಯಿ. ಈಗ ನೀವೇ ಹೇಳಿ, ಏಕನಾಥನ ಜಾಗದಲ್ಲಿ ನೀವಿದ್ದಿದ್ದರೆ ಯಾರನ್ನು ತಿದ್ದುತ್ತಿದ್ದಿರಿ, ಪ್ರೋಗ್ರಾಮನ್ನೋ, ಮಕ್ಸೂದನನ್ನೋ, ಪಂಢರಿಯನ್ನೋ?